ಸ್ನಾಯುವಿನ ಮೇಲೆ ಸುಮ್ನೆ ತಪ್ಪು ಹೊರಿಸಬೇಡಿ

ನಮಸ್ಕಾರ,

ಕಣ್ಣಿನ ಪೊರೆ ಆಪರೇಷನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಭಾಷೆಗೆ ನನ್ನ ತಕರಾರಿಲ್ಲ. ವಿಷಯವೇ ತಲೆಕೆಳಗಾಗಿದೆ.

ಆಪರೇಷನ್ ಆದ ಮೇಲೂ ನಿಮ್ಮ ತಂದೆಗೆ ಪೇಪರ್ ಓದಲು ಕನ್ನಡಕ ಬೇಕಾಯಿತು. ಆಪರೇಷನ್ ವೇಳೆ ಫೋಕಸ್ ಮಾಡುವ ಸ್ನಾಯುವಿಗೆ ಪೆಟ್ಟಾಗುತ್ತದೆ, ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಅಂತ ಬರೆದಿದ್ದೀರಿ. ಎರಡೂ ಸರಿಯಲ್ಲ.

ಆ ಸ್ನಾಯುವಿನ ಹೆಸರು ಸಿಲಿಯರಿ ಸ್ನಾಯು. ಕಣ್ಣಿನ ಬಣ್ಣದ ಭಾಗದ ಹಿಂದೆ ಉಂಗುರದ ಹಾಗೆ ಇರುತ್ತದೆ. ಅಲ್ಲಿಂದ ಬರುವ ಸಣ್ಣ ಎಳೆಗಳು ಮಸೂರವನ್ನು, ಅಂದರೆ ಕಣ್ಣಿನ ಸಹಜ ಲೆನ್ಸನ್ನು, ಹಿಡಿದು ನಿಲ್ಲಿಸಿರುತ್ತವೆ. ಹತ್ತಿರದ್ದನ್ನು ನೋಡುವಾಗ ಸ್ನಾಯು ಬಿಗಿಯಾಗಿ ಉಂಗುರ ಕಿರಿದಾಗುತ್ತದೆ. ಆಗ ಎಳೆಗಳು ಸಡಿಲವಾಗಿ ಮಸೂರ ಉಬ್ಬುತ್ತದೆ, ಹತ್ತಿರದ್ದು ಸ್ಪಷ್ಟವಾಗಿ ಕಾಣುತ್ತದೆ. ಸ್ನಾಯು ಬಿಗಿದರೆ ಎಳೆ ಸಡಿಲ ಅನ್ನುವುದು ಉಲ್ಟಾ ಅನಿಸುತ್ತದೆ, ಅಲ್ವಾ? ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲೇ ಇದನ್ನು ವಿವರಿಸಿದ್ದರು. ಓದುಗರು ತಡವರಿಸುವ ಜಾಗ ಇದು, ಇಲ್ಲಿ ನಿಧಾನವಾಗಿ ಬರೆಯಿರಿ.

ವಯಸ್ಸಾದಂತೆ ಮುಖ್ಯವಾಗಿ ಬದಲಾಗುವುದು ಮಸೂರ. ಅದು ಗಟ್ಟಿಯಾಗುತ್ತದೆ, ದಪ್ಪವೂ ಆಗುತ್ತದೆ. ನಲವತ್ತು ದಾಟಿದವರಿಗೆ ಚಾಳೀಸು ಬರುವುದು ಇದರಿಂದಲೇ. ಸ್ನಾಯು ಮಾತ್ರ ಇಳಿವಯಸ್ಸಿನಲ್ಲೂ ಬಿಗಿಯುತ್ತಲೇ ಇರುತ್ತದೆ. ಎಂಆರ್‌ಐ ಚಿತ್ರಗಳಲ್ಲಿ ಸಂಶೋಧಕರು ಇದನ್ನು ನೋಡಿದ್ದಾರೆ. ಮಸೂರ ದಪ್ಪವಾದ ಹಾಗೆ ಸ್ನಾಯುವಿನ ಉಂಗುರ ಒಳಕ್ಕೆ, ಮುಂದಕ್ಕೆ ಸರಿಯುತ್ತದೆ. ಪೊರೆ ಬಂದ ಮಸೂರ ತೆಗೆದು ತೆಳುವಾದ ಲೆನ್ಸ್ ಕೂರಿಸಿದ ಮೇಲೆ ಅದೇ ಉಂಗುರ ಮತ್ತೆ ಹಿಗ್ಗಿ, ಹರೆಯದವರ ಅಳತೆಯ ಹತ್ತಿರಕ್ಕೆ ಬರುವುದೂ ಕಂಡಿದೆ. ನಿಮ್ಮ ಲೇಖನದ ಜೀವ ಇಲ್ಲಿತ್ತು. ನೀವು ಅದನ್ನೇ ಬಿಟ್ಟಿದ್ದೀರಿ.

ಕನ್ನಡಕ ಬೇಕಾಗುವುದು ಹೊಸ ಲೆನ್ಸಿನಿಂದಾಗಿ. ಸಾಮಾನ್ಯವಾಗಿ ಹಾಕುವ ಮೊನೊಫೋಕಲ್ ಲೆನ್ಸ್ ಒಂದೇ ದೂರಕ್ಕೆ ಹೊಂದಿಸಿದ್ದು. ಅದು ಉಬ್ಬುವುದಿಲ್ಲ. ಸ್ನಾಯು ಕೆಲಸ ಮಾಡಿದರೂ ಅದರ ಮಾತು ಕೇಳುವವರಿಲ್ಲ. ಇನ್ನು ಗಾಯದ ವಿಷಯ. ಡಾಕ್ಟರು ಕಣ್ಣಿನ ಮುಂದಿನ ಪಾರದರ್ಶಕ ಭಾಗದ ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್ ಕೊಯ್ದು ಒಳಹೋಗುತ್ತಾರೆ. ಮಸೂರವನ್ನು ಸುತ್ತಿರುವ ತೆಳುವಾದ ಚೀಲವನ್ನು ಉಳಿಸಿ ಅದರೊಳಗೆ ಲೆನ್ಸ್ ಇಡುತ್ತಾರೆ. ಸ್ನಾಯುವನ್ನು ಕತ್ತರಿಸುವುದಿಲ್ಲ. ವ್ಯಾಯಾಮದ ಇಡೀ ಪ್ಯಾರಾ ತೆಗೆದುಬಿಡಿ, ಜೊತೆಗೆ ಕ್ಯಾರೆಟ್ ಜ್ಯೂಸನ್ನೂ.

ಈ ಸ್ನಾಯುವಿನ ಬಲದಿಂದಲೇ ಅಲುಗಲಿ ಅಂತ ಮಾಡಿದ ಲೆನ್ಸ್‌ಗಳೂ ಇವೆ. ಅವುಗಳಲ್ಲೊಂದಾದ ಕ್ರಿಸ್ಟಲೆನ್ಸ್‌ಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಹರೆಯದವರ ಕಣ್ಣಿನಷ್ಟು ಫೋಕಸ್ ಅದರಿಂದ ಬರಲಿಲ್ಲ. ಆಪರೇಷನ್ ಆದ ಮೇಲೆ ಚೀಲ ಬಿರುಸಾಗುವುದು ಒಂದು ಅಡ್ಡಿ.

ಕಣ್ಣಿನ ಡಾಕ್ಟರ್ ಎಂ. ಸಿ. ಮೋದಿಯವರ ಆಪರೇಷನ್ ಶಿಬಿರಗಳ ಭಾಗ ಚೆನ್ನಾಗಿದೆ, ಇರಲಿ. ಒಂದು ತಿದ್ದುಪಡಿ ಮಾತ್ರ. ಲಂಡನ್ನಿನಲ್ಲಿ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲೆ 1949ರಲ್ಲೇ ಕಣ್ಣೊಳಗೆ ಲೆನ್ಸ್ ಇಟ್ಟಿದ್ದರೂ, ಅದು ನಮ್ಮ ಹಳ್ಳಿಗಳಿಗೆ ಬರಲು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಆಪರೇಷನ್ ಆದವರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. ಅಂದಿನವರನ್ನೂ ನಿಮ್ಮ ತಂದೆಯನ್ನೂ ಒಂದೇ ವಾಕ್ಯದಲ್ಲಿ ಸೇರಿಸಬೇಡಿ.

ತಂದೆಯವರಿಗೆ ಯಾವ ಲೆನ್ಸ್ ಹಾಕಿದ್ದಾರೆ ಅಂತ ಆಸ್ಪತ್ರೆಯ ಚೀಟಿಯಲ್ಲಿ ನೋಡಿ, ಲೇಖನದಲ್ಲಿ ಸೇರಿಸಿ. ತಿದ್ದಿದ ಪ್ರತಿ ಒಂಬೈನೂರು ಪದ ದಾಟದಿರಲಿ. ಕಳಿಸುವ ಮೊದಲು ಒಬ್ಬ ಕಣ್ಣಿನ ಡಾಕ್ಟರಿಗೆ ಓದಿಸಿ.