ಕ್ಷಮೆ ದೊರೆತ ಮೇಲೂ ಬಾಕಿ ತೀರಿಸಬೇಕೇ?

(ಸಂಪಾದಕರ ಉತ್ತರ)

ಮಾನ್ಯ ಸಹೋದರರೇ,

ಮಂಜೇಶ್ವರ ತಾಲೂಕಿನಿಂದ ತಾವು ಬರೆದ ಪತ್ರ ತಲುಪಿತು. ತಮ್ಮ ಕೋರಿಕೆಯಂತೆ ಹೆಸರನ್ನೂ ಊರನ್ನೂ ಬಿಟ್ಟು, ಓದುಗರಿಗೆ ವಿಷಯ ತಿಳಿಯುವಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ತಾವು ಅಡಿಕೆ, ಕರಿಮೆಣಸು ಕೊಳ್ಳುವ ಅಂಗಡಿ ನಡೆಸುತ್ತೀರಿ. ತಂದೆಯವರ ಕಾಲದ ಕ್ರಮವೆಂದು, ಗೋಣಿಚೀಲದ ಬಾಬ್ತು ಅದರ ನಿಜವಾದ ತೂಕಕ್ಕಿಂತ ಹೆಚ್ಚು ಕಳೆಯುತ್ತಿದ್ದಿರಿ. ಆಸ್ಪತ್ರೆಗೋ ಮದುವೆಗೋ ಹಣ ಬೇಕೆಂದು ಅವಸರದಲ್ಲಿ ಬಂದವರ ಒಳ್ಳೆಯ ಚಾಲಿಯನ್ನೂ (ಒಣಗಿಸಿ ಸುಲಿದ ಅಡಿಕೆಯನ್ನೂ) ಪಟೋರದ, ಅಂದರೆ ಕೀಳು ದರ್ಜೆಯ ಅಡಿಕೆಯ, ದರಕ್ಕೆ ಹಾಕಿಕೊಂಡದ್ದುಂಟು. ಈಗ ಅದನ್ನು ಬಿಟ್ಟಿದ್ದೀರಿ, ದೇವರ ಮುಂದೆ ಅರಿಕೆಯನ್ನೂ ಮಾಡಿದ್ದೀರಿ. ಉಜ್ಜೀವನ ಕೂಟಕ್ಕೆ ಬಂದ ಪ್ರಸಂಗಿಗಳು, ಕ್ರಿಸ್ತನ ರಕ್ತವು ತೊಳೆದದ್ದನ್ನು ಪುನಃ ಕೆದಕುವುದು ಕೃಪೆಗೆ ಮಾಡುವ ಅವಮಾನವೆಂದರು. ಸಭೆಯ ಹಿರಿಯರೊಬ್ಬರು, ಮನಸ್ಸು ಚುಚ್ಚುವುದಾದರೆ ಅಷ್ಟು ಹಣವನ್ನು ದೇವಾಲಯದ ಕಟ್ಟಡ ನಿಧಿಗೆ ಹಾಕಿಬಿಡಿ ಎಂದರು. ನೆರೆಮನೆಯ ಕಥೋಲಿಕ ಮಿತ್ರರು, ನಿಮ್ಮ ಪ್ರೊಟೆಸ್ಟೆಂಟರಿಗೆ ನಂಬಿದರೆ ಸಾಕಲ್ಲ, ಕ್ರಿಯೆ ಯಾತಕ್ಕೆ ಎಂದು ತಮಾಷೆ ಮಾಡಿದರು. ಯಾರ ಮಾತು ಸರಿ, ಇದು ತೀರುವ ತನಕ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗಾಗಿ ಸಭೆಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಸಂಸ್ಕಾರಕ್ಕೆ, ಹೋಗಬಹುದೇ ಎಂಬುದು ತಮ್ಮ ಪ್ರಶ್ನೆ.

ಪ್ರಸಂಗಿಗಳು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾವು ಬಿಟ್ಟುಕೊಡಲಾರೆವು. ರಕ್ಷಣೆಯು ಕೃಪೆಯಿಂದ, ನಂಬಿಕೆಯ ಮೂಲಕ ಬರುವ ದೇವರ ವರವೇ ಹೊರತು ನಮ್ಮ ಕ್ರಿಯೆಗಳ ಫಲವಲ್ಲವೆಂದು ಸತ್ಯವೇದದಲ್ಲಿ (ಬೈಬಲಿನಲ್ಲಿ) ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ 8 ಮತ್ತು 9ನೆಯ ವಚನಗಳು ಹೇಳುತ್ತವೆ. ತಾವು ಹಿಂದಿರುಗಿಸುವ ಒಂದು ರೂಪಾಯಿಯೂ ತಮ್ಮ ಕ್ಷಮೆಯ ಬೆಲೆಯಾಗದು. ಆದರೆ ನಮ್ಮ ಕೂಟಗಳಲ್ಲಿ ಅದೇಕೋ 9ನೆಯ ವಚನಕ್ಕೇ ಸತ್ಯವೇದ ಮುಚ್ಚಿಬಿಡುತ್ತದೆ. ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ನಾವು ಕ್ರಿಸ್ತನಲ್ಲಿ ನಿರ್ಮಿಸಲ್ಪಟ್ಟವರೆಂದು 10ನೆಯದು ಹೇಳುತ್ತದೆ. ದಶಾಜ್ಞೆಗಳ ಮೊದಲ ಸಾಲು ಕೂಡ ಆಜ್ಞೆಯಲ್ಲ. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನು ಬಿಡಿಸಿದವನು ನಾನು ಎಂಬ ದೇವರ ಮಾತು. ಬಿಡುಗಡೆ ಮೊದಲು, ಆಜ್ಞೆ ಅನಂತರ. ಈ ಕ್ರಮವನ್ನು ತಿರುಗಿಸಿದರೆ ಧರ್ಮವು ಕೂಲಿ ಲೆಕ್ಕವಾಗುತ್ತದೆ, ಎರಡನೆಯದನ್ನು ಕೈಬಿಟ್ಟರೆ ಬಿಡುಗಡೆ ಬರಿಯ ಮಾತಾಗುತ್ತದೆ.

ತಮ್ಮ ಸ್ಥಿತಿಗೆ ಅತ್ಯಂತ ಹತ್ತಿರವಾದವನು ಸುವಾರ್ತೆಯಲ್ಲಿ ಬರುವ ಯೆರಿಕೋವಿನ ಸುಂಕದವನಾದ ಜಕ್ಕಾಯ. ಯೇಸುವನ್ನು ನೋಡಲು ಮರ ಹತ್ತಿದ್ದ ಅವನು ಇಳಿಯುವ ಮೊದಲೇ, ಒಂದು ಕಾಸನ್ನೂ ಹಿಂದಕ್ಕೆ ಕೊಡುವ ಮೊದಲೇ, ಯೇಸು ಈ ಹೊತ್ತು ನಿನ್ನ ಮನೆಯಲ್ಲಿ ಇಳುಕೊಳ್ಳಬೇಕು ಎಂದನು. ಲೆಕ್ಕ ಚುಕ್ತಾ ಮಾಡಿ ಬಾ ಎನ್ನಲಿಲ್ಲ. ಆದರೆ ಆ ಅತಿಥಿ ಒಳಗೆ ಬಂದ ಮೇಲೆ ಸುಂಕದವನಿಗೆ ತನ್ನ ಲೆಕ್ಕ ತಾನಾಗಿಯೇ ಕಾಣಿಸಿತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದನು. ತಾನಾಗಿ ಒಪ್ಪಿಕೊಂಡವನು ಮೂಲಧನದೊಂದಿಗೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಸತ್ಯವೇದದ ಹಳೆಯ ಒಡಂಬಡಿಕೆಯ ಅರಣ್ಯಕಾಂಡದ ಐದನೆಯ ಅಧ್ಯಾಯ ಹೇಳಿತ್ತು. ಜಕ್ಕಾಯನು ಅಲ್ಲಿಗೆ ನಿಲ್ಲಲಿಲ್ಲ. ಹಳೆಯದನ್ನು ಕೆದಕಬೇಡ ಎಂದು ಯೇಸು ಅವನನ್ನು ತಡೆದದ್ದೂ ಇಲ್ಲ.

ಕೃಪೆಯ ವಿಷಯದಲ್ಲಿ ಅಪೊಸ್ತಲನಾದ ಪೌಲನಿಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲವಷ್ಟೆ. ಅವನು ಓಡಿಹೋದ ದಾಸ ಒನೇಸಿಮನನ್ನು ಯಜಮಾನನಾದ ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸುವಾಗ, ಅವನ ಪಾಪ ತೊಳೆದುಹೋಗಿದೆ, ಬಾಕಿಯ ಮಾತೆತ್ತಬೇಡ ಎಂದು ಬರೆಯಲಿಲ್ಲ. ಅವನಿಂದ ನಿನಗೇನಾದರೂ ಬರಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ಕೊಟ್ಟು ತೀರಿಸುತ್ತೇನೆಂದು ಸ್ವಂತ ಕೈಯಿಂದ ಬರೆದನು. ದೇವರ ಕ್ಷಮೆ ನೆರೆಯವನಿಗೆ ಸಲ್ಲಬೇಕಾದದ್ದನ್ನು ಅಳಿಸಿಹಾಕುತ್ತದೆಂದು ಪೌಲನು ಎಣಿಸಿರಲಿಲ್ಲ.

ಇನ್ನು ಕಟ್ಟಡ ನಿಧಿಯ ಸಲಹೆ. ಹಿರಿಯರ ಉದ್ದೇಶವನ್ನು ಸಂಶಯಿಸುವುದಿಲ್ಲ, ಆದರೆ ಸಲಹೆ ತಪ್ಪು. ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಇಟ್ಟದ್ದು, ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಎಷ್ಟು ಕಟುವಾಗಿ ಖಂಡಿಸಿದನೆಂದು ಓದಿ ನೋಡಿ. ನಷ್ಟಪಟ್ಟವನಿಗೆ ಕೊಡಬೇಕು, ಅವನಿಲ್ಲದಿದ್ದರೆ ಅವನ ಹತ್ತಿರದ ಬಂಧುವಿಗೆ, ಬಂಧುವೇ ಇಲ್ಲದಿದ್ದರೆ ಮಾತ್ರ ಅದು ಕರ್ತನದಾಗಿ ಯಾಜಕನಿಗೆ ಸೇರಬೇಕೆಂದು ಅರಣ್ಯಕಾಂಡದ ಅದೇ ಅಧ್ಯಾಯದಲ್ಲಿದೆ. ವಿಧೇಯತೆಯೆಂದರೆ ಕಾಣಿಕೆ, ಹಾಜರಿ, ಕೂಟಗಳೆಂದೇ ಬೋಧಿಸುವ ಪ್ರಸಂಗಪೀಠಗಳಿಂದ ತಕ್ಕಡಿಯ ಮಾತು ಕೇಳಿಬರುವುದು ಅಪರೂಪವಾಗಿದೆಯೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದು, ಮಾಡಿದ ಹೆಂಚಿನ ಮೇಲೆಯೇ ಮಿಶನಿನ ಹೆಸರೊತ್ತಿದರು. ಮಾಲು ಕೆಟ್ಟರೆ ಕೆಡುವುದು ಆ ಹೆಸರು. ಅಂಗಡಿಯ ತಕ್ಕಡಿಗೂ ಇದೇ ಮಾತು ಸಲ್ಲುತ್ತದೆ.

ಮಾರಿದವರಲ್ಲಿ ಹೆಚ್ಚಿನವರು ಹಿಂದುಗಳು, ಮುಸಲ್ಮಾನರು ಎಂದು ತಾವು ಬರೆದಿದ್ದೀರಿ. ಅದರಿಂದ ವ್ಯತ್ಯಾಸವೇನೂ ಇಲ್ಲ. ಹಳೆಯ ಚೀಟಿಗಳು, ಲೆಕ್ಕದ ಪುಸ್ತಕಗಳು ಇವೆಯೆಂದಿರಲ್ಲ, ಅವುಗಳಿಂದ ಒಬ್ಬೊಬ್ಬರದ್ದಾಗಿ ಅಂದಾಜು ಮಾಡಿ. ಸಂದೇಹವಿದ್ದಲ್ಲಿ ಅವರ ಕಡೆಗೆ ಹೆಚ್ಚಾಗುವಂತೆ ಹಿಡಿಯಿರಿ. ತೋಟ ಮಾರಿ ಮಂಗಳೂರಿಗೆ ಹೋದವರ ವಿಳಾಸ ನೆರೆಯವರಿಂದ ಸಿಕ್ಕೀತು, ತೀರಿಹೋದವರ ಮಕ್ಕಳಿಗೆ ಕೊಡಿ. ಒಂದು ವಿನಂತಿ: ಆ ಮನೆಗಳಿಗೆ ಹೋಗುವಾಗ ಹಣ ಮಾತ್ರ ಒಯ್ಯಿರಿ, ಧರ್ಮಪ್ರಚಾರದ ಕರಪತ್ರ ಬೇಡ. ನಡೆದದ್ದನ್ನು ಹೇಳಿ, ಕ್ಷಮೆ ಕೇಳಿ, ಅವರು ಬೈದರೆ ಕೇಳಿಸಿಕೊಂಡು ಬನ್ನಿ. ಇದನ್ನು ಕೂಟದಲ್ಲಿ ಸಾಕ್ಷಿಯಾಗಿ ಹೇಳುವ ಆಸೆಯನ್ನೂ ಸದ್ಯಕ್ಕೆ ಬದಿಗಿಡಿ.

ಕಥೋಲಿಕ ಮಿತ್ರರಿಗೆ ಒಂದು ಸಂಗತಿ ತಿಳಿಸಬಹುದು. ನೀತಿವಂತರೆಂದು ನಿರ್ಣಯ ಹೊಂದುವ ಈ ವಿಷಯದಲ್ಲೇ ಪ್ರೊಟೆಸ್ಟೆಂಟರಾದ ಲೂಥೆರನ್ ಸಭೆಗಳ ಜಾಗತಿಕ ಒಕ್ಕೂಟವೂ ಅವರ ಕಥೋಲಿಕ ಸಭೆಯೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿವೆ. ನಾವು ಸ್ವೀಕೃತರಾಗುವುದು ಕೃಪೆಯಿಂದ ಮಾತ್ರ, ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗಳಿಗೆ ಸಿದ್ಧಗೊಳಿಸುತ್ತದೆ ಎಂಬುದನ್ನು ಉಭಯರೂ ಅದರಲ್ಲಿ ಒಪ್ಪಿದ್ದಾರೆ. ತಮಾಷೆಗೆ ಆಧಾರ ಕಡಿಮೆಯಾಗಿದೆ.

ಕರ್ತನ ಭೋಜನದ ಪ್ರಶ್ನೆ ಉಳಿಯಿತು. ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿದೆ. ಆದುದರಿಂದ ಹೊರಡುವುದನ್ನು ಮುಂದೂಡಬಾರದು. ಹಾಗೆಂದು ಕೊನೆಯ ಪೈಸೆ ಸಂದಾಯವಾಗುವ ತನಕ ಮೇಜಿನಿಂದ ದೂರ ಉಳಿದರೆ, ಬಾಕಿ ತೀರಿಸಿ ಗಳಿಸಿಕೊಂಡ ಹಕ್ಕಿನಂತೆ ಅಲ್ಲಿಗೆ ಬರುವವರಾಗುತ್ತೀರಿ. ಈ ವಾರವೇ ಪಟ್ಟಿಯ ಮೊದಲನೆಯ ಮನೆಗೆ ಹೋಗಿ, ಉಳಿದವರಿಗೆ ಕೊಡುವುದಕ್ಕೆ ಕಂತುಗಳನ್ನು ಬರೆದಿಟ್ಟು, ಬರುವ ಸಂಸ್ಕಾರದ ಭಾನುವಾರ ಎಲ್ಲರ ಜೊತೆಗೆ ಮೊಣಕಾಲೂರಿರಿ.

— ಸಂಪಾದಕ