ಉತ್ತರ: ಮಗಳ ಸಾಫ್ಟ್‌ವೇರ್ ಪೇಪರ್ ಎಲ್ಲಿಗೆ, ಹೇಗೆ ಕಳಿಸೋದು

ಹೆಗಡೇರೆ, ಕೊಳೆರೋಗದ ಔಷಧಿ ಚರ್ಚೆಯಲ್ಲಿ ನಿಮ್ಮ ಪ್ರಶ್ನೆ ಮುಳುಗಿಹೋಯ್ತು. ಅಡಿಕೆ ಗುಂಪಲ್ಲಿ ಇದೆಂಥದು ಅನ್ನುವವರು ದಾಟಿಕೊಂಡು ಹೋಗಿ. ಎಂಟೆಕ್ ಓದ್ತಿರೋ ಮಗಳು ಒಂದು ಟೂಲ್ ಮಾಡಿದ್ದಾಳೆ, ನೆಟ್‌ವರ್ಕ್ ಹೋಗಿ ಬಂದಾಗ ಮೊಬೈಲ್ ಆ್ಯಪ್‌ಗಳು ಬರೆದಿಟ್ಟದ್ದನ್ನು ಕಳೆದುಕೊಳ್ಳೋದನ್ನು ಅದು ಹಿಡೀತದೆ. ಅದರ ಬಗ್ಗೆ ಬರೆಯೋ ಸಂಶೋಧನಾ ಪೇಪರ್‌ಗೆ 'ಮೂರು ದಿನದಲ್ಲಿ ಸ್ವೀಕಾರ, ದುಡ್ಡು ಕಟ್ಟಿ' ಅಂತ ಒಂದು ಮೇಲ್ ಬಂದಿದೆ. ಕಟ್ಟಬಹುದಾ ಅಂತ ಕೇಳಿದ್ರಿ.

ಕಟ್ಟಬೇಡಿ. ಸರಿಯಾದ ಸಮ್ಮೇಳನದಲ್ಲಿ ಪೇಪರ್ ಓದಿ ತೀರ್ಮಾನ ಹೇಳೋಕೆ ತಿಂಗಳುಗಳೇ ಬೇಕು, ಕಳಿಸೋಕೆ ಒಂದು ರೂಪಾಯಿ ಇಲ್ಲ. ಸ್ವೀಕಾರ ಆದ ಮೇಲೆ ನೋಂದಣಿ ಶುಲ್ಕ ಇರ್ತದೆ, ಯಾರಾದರೊಬ್ಬರು ಹೋಗಿ ಮಂಡಿಸಬೇಕು. ಎಸಿಎಂ ಅನ್ನೋ ಕಂಪ್ಯೂಟರ್ ತಜ್ಞರ ಸಂಸ್ಥೆಯದ್ದಾದರೆ 2026ರ ಜನವರಿಯಿಂದ ಎಲ್ಲವೂ ಮುಕ್ತ ಓದಿಗೆ, ಓದುವವರು ದುಡ್ಡು ಕೊಡೋದಿಲ್ಲ. ಹಾಗಾಗಿ ಕಾಲೇಜು ಅವರ ಒಪ್ಪಂದದಲ್ಲಿ ಇಲ್ಲದಿದ್ದರೆ ಪ್ರಕಟಣೆ ಶುಲ್ಕವೂ ಬರಬಹುದು. ಕಾಲೇಜಿನ ಲೈಬ್ರರಿಯವರನ್ನು ಈಗಲೇ ಕೇಳಿಡಲಿ.

ಅವಳು ಹೆಸರು ಹೇಳಿದ ಎಫ್‌ಎಸ್‌ಇ (ಫೌಂಡೇಶನ್ಸ್ ಆಫ್ ಸಾಫ್ಟ್‌ವೇರ್ ಎಂಜಿನಿಯರಿಂಗ್) ಈ ಕ್ಷೇತ್ರದ ದೊಡ್ಡ ಸಮ್ಮೇಳನಗಳಲ್ಲಿ ಒಂದು. 1993ರಲ್ಲಿ ಶುರುವಾದದ್ದು. 2024ರಲ್ಲಿ ಬ್ರೆಜಿಲ್, 2025ರಲ್ಲಿ ನಾರ್ವೆಯಲ್ಲಿ ನಡೀತು. 2024ರಿಂದ ಅದರ ಪೇಪರ್‌ಗಳು ಎಸಿಎಂನ ಒಂದು ಜರ್ನಲ್‌ನಲ್ಲೇ ಬರ್ತವೆ. ಆ ವರ್ಷದ ನಿಯಮದಲ್ಲಿ 18 ಪುಟ, ಉಲ್ಲೇಖಗಳಿಗೆ ಬೇರೆ 4. ತಾನು ಕಳಿಸೋ ವರ್ಷದ ಸೂಚನೆ ಮೊದಲು ತೆಗೆದು ಓದಲಿ, ಒಂದು ಪುಟ ಮೀರಿದರೂ ಓದದೆ ವಾಪಸ್ ಮಾಡ್ತಾರೆ.

ಈಗ ಮುಖ್ಯ ವಿಷಯ. 'ನಾನೊಂದು ಟೂಲ್ ಕಟ್ಟಿದೆ' ಅನ್ನೋದು ಅಲ್ಲಿ ಸಾಲೋದಿಲ್ಲ. ಅದರಿಂದ ಹೊಸದೇನು ತಿಳೀತು, ನಂಬೋದು ಹೇಗೆ, ಇದನ್ನೇ ಕೇಳ್ತಾರೆ. ಎಷ್ಟು ಆ್ಯಪ್ ಪರೀಕ್ಷಿಸಿದಳು, ಅವನ್ನೇ ಯಾಕೆ ಆರಿಸಿದಳು? ಎಫ್-ಡ್ರಾಯ್ಡ್ ಅನ್ನೋ ಆ್ಯಪ್ ತಾಣದಲ್ಲಿ ಮೂಲ ಕೋಡ್ ಸಮೇತ ಸಿಗೋ ಆ್ಯಪ್ ಬೇಕಷ್ಟಿವೆ, ಅಲ್ಲಿಂದ ಒಂದು ನಿಯಮ ಇಟ್ಟುಕೊಂಡು ಆರಿಸಲಿ, ಕೈಗೆ ಸಿಕ್ಕಿದ್ದನ್ನಲ್ಲ. ಸಿಕ್ಕ ಬಗ್‌ಗಳನ್ನು (ದೋಷಗಳನ್ನು) ಆಯಾ ಆ್ಯಪ್ ಮಾಡಿದವರಿಗೆ ತಿಳಿಸಿ, 'ಹೌದು' ಅಂದವು ಎಷ್ಟು, ಸುಳ್ಳು ಎಚ್ಚರಿಕೆ ಎಷ್ಟು ಅಂತ ಎರಡನ್ನೂ ಬರೀಲಿ. ಹೋಲಿಕೆಯೂ ಬೇಕು. ಆಂಡ್ರಾಯ್ಡ್ ಜೊತೆಗೇ 'ಮಂಕಿ' ಅಂತೊಂದು ಟೂಲ್ ಬರ್ತದೆ, ಸ್ಕ್ರೀನ್ ಮೇಲೆ ಕಂಡಕಂಡಲ್ಲಿ ಒತ್ತುತ್ತಾ ಹೋಗ್ತದೆ (ನಮ್ಮ ತೋಟದ ಮಂಗನ ಕೆಲಸವೇ). ಅದಕ್ಕಿಂತ ಇವಳದ್ದು ಹೆಚ್ಚು ಹಿಡಿದರೆ ಎಷ್ಟು, ಯಾಕೆ?

ಆರಂಭ 'ಇಂದಿನ ಡಿಜಿಟಲ್ ಯುಗದಲ್ಲಿ' ಅಂತಿದ್ದರೆ ಹೊಡೆದು ಹಾಕೋಕೆ ಹೇಳಿ. ನಿಮ್ಮ ಮನೆಯದ್ದನ್ನೇ ಬರೀಲಿ: ಸೊಪ್ಪಿನ ಬೆಟ್ಟದ ಬುಡದ ತೋಟದಲ್ಲಿ ನಿಂತು 43 ಅಡಿಕೆ ಕೊನೆ ಅಂತ ಆ್ಯಪ್‌ಗೆ ಹಾಕಿದ್ರಿ, ಅಂಗಳಕ್ಕೆ ಬಂದು ಸಿಗ್ನಲ್ ಹತ್ತಿದ ಕೂಡಲೇ ಅದು 0 ಆಯ್ತು. ನಾರ್ವೆಯವನಿಗೂ ಅರ್ಥ ಆಗ್ತದೆ.

ಆದರೆ ಶಿರಸಿ ಅಂತ ಊರ ಹೆಸರು ಬೇಡ, 'ಒಂದು ಅಡಿಕೆ ತೋಟ' ಸಾಕು. ಓದಿ ತೀರ್ಮಾನ ಹೇಳುವವರಿಗೆ ಬರೆದವರು ಯಾರಂತ ತಿಳೀಬಾರದು, ಬರೆದವರಿಗೂ ಓದಿದವರು ಯಾರಂತ ತಿಳಿಯೋದಿಲ್ಲ. ಬೆಂಗಳೂರಲ್ಲಿದ್ದಾಗ ನನ್ನ ಮೊದಲ ಪೇಪರ್ ಹೋದದ್ದು ಇದರಲ್ಲೇ. ಹೆಸರು, ಕಾಲೇಜು ಎಲ್ಲ ತೆಗೆದಿದ್ದೆ. ಐದನೇ ಪುಟದಲ್ಲಿ ಸ್ಕ್ರೀನ್‌ನ ಒಂದು ಚಿತ್ರ, ಅದರ ಮೂಲೆಯಲ್ಲಿ ಫೋಲ್ಡರ್ ಹಾದಿ, ಆ ಹಾದಿಯಲ್ಲಿ ನನ್ನ ಪೂರ್ತಿ ಹೆಸರು. ಎಂಟು ತಿಂಗಳ ಕೆಲಸ ಒಂದು ಸಾಲಿನ ಮೇಲ್‌ನಲ್ಲಿ ವಾಪಸ್ ಬಂತು. ಕೋಡ್ ಕೊಡುವಾಗಲೂ ಹಾಗೇ, ಕೋಡ್ ಇಟ್ಟ ಗಿಟ್‌ಹಬ್ ತಾಣದ ಲಿಂಕ್ ನೇರವಾಗಿ ಹಾಕಬೇಡ ಅನ್ನಿ. ಹೆಸರು ಮರೆಮಾಡಿದ ಪ್ರತಿ ಕೊಡಲಿ.

ಎಫ್‌ಎಸ್‌ಇಗೆ ಕೊನೇ ಗಡುವು ಈಚೆಗೆ ಸೆಪ್ಟೆಂಬರ್‌ನಲ್ಲೇ ಬರ್ತಿದೆ, ಅಂದರೆ ಚೌತಿ ಗಡಿಬಿಡಿ, ಮಳೆ, ಕರೆಂಟಿಲ್ಲ. ಅವರ ಸಮಯದ ಲೆಕ್ಕ 'ಎಒಇ', ಭೂಮಿ ಮೇಲೆ ಕಟ್ಟಕಡೆಗೆ ದಿನ ಮುಗಿಯೋ ಜಾಗದ್ದು. ರಾತ್ರಿ 11.59 ಅಂದರೆ ನಮಗೆ ಮರುದಿನ ಸಂಜೆ 5.29. ಅದನ್ನು ನಂಬಿ ಕೂರಬೇಡಿ. ವಾರ ಮೊದಲೇ ಒಂದು ಪ್ರತಿ ಏರಿಸಿಡಲಿ, ಗಡುವಿನ ತನಕ ಬದಲಿಸಬಹುದು.

ಇದೇ ಮೊದಲ ಪೇಪರ್ ಆಗಿದ್ದರೆ ನಮ್ಮ ದೇಶದ್ದೇ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನ ಐಸೆಕ್ ಇದೆ. 2008ರಲ್ಲಿ ಹೈದರಾಬಾದಿನಲ್ಲಿ ಶುರುವಾಯ್ತು, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ರೈಲಲ್ಲಿ ಹೋಗಿ ಬರಬಹುದು. ನನ್ನನ್ನು ಕೇಳಿದರೆ ಅಲ್ಲಿಂದಲೇ ಶುರುಮಾಡು ಅಂತೇನೆ. ಒಂದೇ ಪೇಪರನ್ನು ಒಟ್ಟಿಗೆ ಎರಡೂ ಕಡೆ ಕಳಿಸೋದು ಮಾತ್ರ ಬೇಡ, ಸಿಕ್ಕಿಬಿದ್ದರೆ ಎರಡೂ ಹೋಗ್ತದೆ.

ಮೊದಲ ಎರಡು ಪುಟ ಕಳಿಸೋಕೆ ಹೇಳಿ, ಓದಿ ಕೆಂಪು ಗೆರೆ ಹಾಕಿ ಕೊಡ್ತೇನೆ. ಈ ವಾರ ಬೇಡ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋಕೆ ಜನ ಸಿಕ್ಕಿದ್ದಾರೆ.