ಪೆಟುಲಾ ಕ್ಲಾರ್ಕ್ ರಂಗಕ್ಕೆ ಬಂದದ್ದು ಯಾವಾಗ?

ಮಾನ್ಯರೇ,

ಬ್ರಿಟಿಷ್ ಗಾಯಕಿ ಪೆಟುಲಾ ಕ್ಲಾರ್ಕ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಟಿಪ್ಪಣಿಯನ್ನು ಓದಿ, ಪಾಪ್ ಹಾಡುಗಳ ಬೇಡಿಕೆ ಕುಸಿದ ಮೇಲೆ ನಾಟಕ ಸೇರಿದವರನ್ನು ರಂಗಕಲಾವಿದೆ ಎಂದು ಕರೆಯುವುದು ಎಷ್ಟು ಸರಿ ಎಂದು ಕೇಳಿದ್ದೀರಿ. ಆ ಟಿಪ್ಪಣಿ ಅವರ ಪ್ರಸಿದ್ಧ ಪಾಪ್ ಹಾಡಾದ 1964ರ 'ಡೌನ್‌ಟೌನ್'ನಿಂದಲೇ ಆರಂಭವಾಗಿದ್ದರಿಂದ ನಿಮಗೆ ಹಾಗೆ ಅನ್ನಿಸಿದ್ದರಲ್ಲಿ ನಮ್ಮ ಪಾಲೂ ಇದೆ.

1942ರ ಅಕ್ಟೋಬರ್‌ನಲ್ಲಿ, ಇನ್ನೂ ಹತ್ತು ತುಂಬದ ಪೆಟುಲಾ, ಹೊರನಾಡಿನಲ್ಲಿ ಸೈನಿಕರಾಗಿದ್ದ ಬಂಧುವಿಗೆ ರೇಡಿಯೊ ಮೂಲಕ ಕುಶಲ ಹೇಳಲು ಲಂಡನ್ನಿನ ಕ್ರೈಟೀರಿಯನ್ ಥಿಯೇಟರಿಗೆ ಹೋಗಿದ್ದರು. ನೆಲದಡಿಯಲ್ಲಿರುವ ಆ ರಂಗಮಂದಿರವನ್ನು ಯುದ್ಧಕಾಲದಲ್ಲಿ ಬಿಬಿಸಿ ತನ್ನ ಸ್ಟುಡಿಯೊ ಮಾಡಿಕೊಂಡಿತ್ತು. ವಿಮಾನದಾಳಿಯಿಂದ ಪ್ರಸಾರ ತಡವಾಗಿ, ಸೇರಿದ್ದವರೆಲ್ಲ ಕಳವಳಗೊಂಡಿದ್ದಾಗ, ಯಾರಾದರೂ ಒಂದು ಹಾಡು ಹೇಳಿ ಎಂದು ನಿರ್ಮಾಪಕರು ಕೇಳಿದರು; ಎದ್ದು ಬಂದವಳು ಈ ಹುಡುಗಿ. ಹೆದರಿ ಕೂತ ಜನರ ಮುಖ ನೋಡುತ್ತ ಹಾಡಿದ್ದು ಮೊದಲು, ಧ್ವನಿಮುದ್ರಿಕೆಗಳು ಬಂದದ್ದು ಅನಂತರ. ಆ ಮೇಲಿನ ಕೆಲವು ವರ್ಷ ಅವರು ಸೈನಿಕರಿಗಾಗಿ ಹಾಡುತ್ತ ಊರೂರು ಸುತ್ತಿದರು.

ಪಾಪ್ ಯಶಸ್ಸಿನ ಕಥೆ ನಿಮಗೆ ಗೊತ್ತೇ ಇದೆ. ಒಂದು ಸಣ್ಣ ತಿದ್ದುಪಡಿ ಮಾತ್ರ: 'ಡೌನ್‌ಟೌನ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ನೀವು ಬರೆದಂತೆ 1966ರಲ್ಲಲ್ಲ, 1965ರ ಜನವರಿಯಲ್ಲಿ.

ಆದರೆ 1968ರ ಅಮೆರಿಕದ ಟಿವಿ ಪ್ರಸಂಗವೊಂದನ್ನು ಬಿಡಲಾಗದು. ಹಾಡುವಾಗ ಅವರು ಕರಿಯ ಗಾಯಕ ಹ್ಯಾರಿ ಬೆಲಫಾಂಟೆಯವರ ತೋಳು ಹಿಡಿದದ್ದಕ್ಕೆ ಪ್ರಾಯೋಜಕ ಕಂಪನಿಯ ಪ್ರತಿನಿಧಿ ಆಕ್ಷೇಪಿಸಿ, ಬೇರೆ ಚಿತ್ರಿಕೆ ಬಳಸಲು ಒತ್ತಾಯಿಸಿದರು. ಪೆಟುಲಾ ಮತ್ತು ಅವರ ಪತಿ ಕ್ಲಾಡ್ ವುಲ್ಫ್ ಒಪ್ಪಲಿಲ್ಲ. ತೋಳು ಹಿಡಿದ ಚಿತ್ರಿಕೆಯೇ ಪ್ರಸಾರವಾಯಿತು. ಪ್ರೇಕ್ಷಕರೆದುರು ಕೈ ಎಲ್ಲಿರಬೇಕೆಂಬುದು ಕೂಡ ಅಭಿನಯದ ವಿಷಯವೆಂದು ಅವರಿಗೆ ಆಗಲೇ ತಿಳಿದಿತ್ತೆಂದು ನನ್ನ ಭಾವನೆ.

1981ರಲ್ಲಿ ಲಂಡನ್ನಿನ ಅಪೊಲೊ ವಿಕ್ಟೋರಿಯ ರಂಗಮಂದಿರದಲ್ಲಿ 'ದಿ ಸೌಂಡ್ ಆಫ್ ಮ್ಯೂಸಿಕ್' ಎಂಬ ಸಂಗೀತ ನಾಟಕದ ಮರಿಯಾ ಆಗಿ ನಿಂತಾಗ ಅವರಿಗೆ 48. ತರುಣಿಯ ಪಾತ್ರಕ್ಕೆ ವಯಸ್ಸು ಮೀರಿತೆಂದು ಅವರೇ ಹಿಂಜರಿದಿದ್ದರಂತೆ. 1990ರಲ್ಲಿ ತಾವೇ ಸಂಗೀತ ಕೊಟ್ಟ ನಾಟಕ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಹೊಟ್ಟೆಪಾಡಿಗೆ ಬಂದವರಾಗಿದ್ದರೆ ಅಲ್ಲಿಗೇ ಕೈಮುಗಿಯುತ್ತಿದ್ದರೇನೋ. ಅವರು 1993ರಲ್ಲಿ, 60ನೆಯ ವಯಸ್ಸಿನಲ್ಲಿ, 'ಬ್ಲಡ್ ಬ್ರದರ್ಸ್' ನಾಟಕದ ಮೂಲಕ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಕಾಲಿಟ್ಟು, ಅವಳಿ ಮಕ್ಕಳಲ್ಲಿ ಒಂದನ್ನು ಒಡತಿಗೆ ಕೊಡುವ ಬಡ ತಾಯಿಯಾದರು. ಆಮೇಲೆ 'ಸನ್‌ಸೆಟ್ ಬುಲೆವಾರ್ಡ್'ನ ನಾರ್ಮಾ ಡೆಸ್ಮಂಡ್, ಜನ ಮರೆತರೂ ತಾನೇ ತಾರೆಯೆಂದು ನಂಬಿ ಕೂತ ಹಳೆಯ ಚಿತ್ರನಟಿ, ಲಂಡನ್ನಿನಲ್ಲೂ ಅಮೆರಿಕದ ಊರೂರಲ್ಲೂ ಅವರ ಪಾತ್ರವಾಯಿತು. ವಾರಕ್ಕೆ ಎಂಟು ಪ್ರದರ್ಶನಗಳ ಆ ಲೋಕದಲ್ಲಿ ಹಳೆಯ ಹಿಟ್ ಹಾಡಿನ ಬಲದಿಂದ ಒಂದು ತಿಂಗಳು ತಳ್ಳಬಹುದು, ವರ್ಷಗಟ್ಟಲೆ ಸಾಧ್ಯವಿಲ್ಲ.

2019ರಲ್ಲಿ ಪ್ರಿನ್ಸ್ ಎಡ್ವರ್ಡ್ ಥಿಯೇಟರಿನ 'ಮೇರಿ ಪಾಪಿನ್ಸ್'ನಲ್ಲಿ ಅವರದು ಹಕ್ಕಿಗಳಿಗೆ ಕಾಳಿನ ಪೊಟ್ಟಣ ಮಾರುವ ಅಜ್ಜಿಯ ಸಣ್ಣ ಪಾತ್ರ. ಆಗ ಅವರಿಗೆ 86.

– ಸಂಪಾದಕ